ಮೇಪಲ್ ಪಾಕದ ಹಬ್ಬ ನೋಡುವುದು ಹೇಗೆ?

ಅಮೆರಿಕದ ಕೊಲಂಬಸ್, ಕ್ಲೀವ್‌ಲ್ಯಾಂಡ್ ಕಡೆಯ ನಮ್ಮವರು ಮಾರ್ಚ್ ಬಂತೆಂದರೆ ಮೇಪಲ್ ಮರದ ರಸ ಕುದಿಸಿ ಪಾಕ ಮಾಡುವ ಹಬ್ಬಕ್ಕೆ ಓಹಾಯೊ ರಾಜ್ಯದ ಲೂಕಸ್ ಬಳಿಯ ಮಲಬಾರ್ ಫಾರ್ಮ್ ಎಂಬ ಪಾರ್ಕಿಗೆ ಹೊರಡುತ್ತಾರೆ. ಬಂಡಿ ಹತ್ತುತ್ತಾರೆ, ಫೋಟೊ ತೆಗೆಯುತ್ತಾರೆ, ಬಾಟಲಿ ಕೊಂಡು ವಾಪಸಾಗುತ್ತಾರೆ. ಪಾಕ ಕುದಿಯುವ ಮನೆಯಲ್ಲಿ ಐದು ನಿಮಿಷವೂ ನಿಲ್ಲುವುದಿಲ್ಲ. ಅಷ್ಟು ದೂರ ಹೋಗಿ ನೋಡಬೇಕಾದ್ದನ್ನೇ ಬಿಟ್ಟು ಬರುವುದನ್ನು ಕಂಡರೆ ಸಂಕಟವಾಗುತ್ತದೆ.

ಮೊದಲು ದಿನ ಆರಿಸಿ. ಹಬ್ಬ ಸಾಮಾನ್ಯವಾಗಿ ಮಾರ್ಚ್ ಆರಂಭದ ವಾರಾಂತ್ಯಗಳಲ್ಲಿ ನಡೆಯುತ್ತದೆ. ದಿನಾಂಕವನ್ನು ಪಾರ್ಕಿನ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿದು, ಹಗಲು ನಾಲ್ಕೈದು ಡಿಗ್ರಿಗೆ ಏರುವ ದಿನವೇ ಸರಿ. ಹೀಗೆ ಹೆಪ್ಪುಗಟ್ಟಿ ಕರಗುವಾಗಲೇ ಮರದೊಳಗೆ ಒತ್ತಡ ಹುಟ್ಟಿ ರಸ ಇಳಿಯುವುದು. ಮೊಗ್ಗು ಉಬ್ಬತೊಡಗಿತೋ, ರಸದ ರುಚಿ ಕೆಟ್ಟಿತು.

ಕಾಲಿಗೆ ರಬ್ಬರ್ ಬೂಟು. ಹಿಮ ಕರಗಿದ ಕೆಸರಿನಲ್ಲಿ ಬಿಳಿ ಸ್ನೀಕರ್ಸ್ ಬೇಡವೇ ಬೇಡ.

ಈಗ ಮುಖ್ಯ ಸಂಗತಿ. ನೇರ ಪಾಕದ ಮನೆಗೆ ಹೋಗಿ, ಕನಿಷ್ಠ ಅರ್ಧ ಗಂಟೆ ನಿಲ್ಲಿ. ನಮ್ಮ ಆಲೆಮನೆ ನೋಡಿದವರಿಗೆ ಆ ಹಬೆ, ಆ ಸಿಹಿ ವಾಸನೆ ತಕ್ಷಣ ಪರಿಚಿತವೆನಿಸುತ್ತದೆ. ಆದರೆ ಕಬ್ಬಿನ ಹಾಲು ಮೊದಲೇ ಸಿಹಿ. ಮೇಪಲ್ ರಸ ಬಹುಪಾಲು ನೀರು, ಸಕ್ಕರೆ ಶೇ 2ರ ಆಸುಪಾಸು. ಕುದಿಸದ ರಸ ಕುಡಿಯಲು ಕೊಟ್ಟರೆ ಬಿಡಬೇಡಿ. ಸುಮಾರು 40 ಲೀಟರ್ ರಸ ಬತ್ತಿದರೆ 1 ಲೀಟರ್ ಪಾಕ ಎಂಬ ಲೆಕ್ಕ ಆಗ ನಾಲಿಗೆಗೇ ತಿಳಿಯುತ್ತದೆ.

ಕೊಪ್ಪರಿಗೆಯ ಬದಲು ಇಲ್ಲಿ ಅಡ್ಡಗೋಡೆಗಳಿರುವ ಅಗಲ ತಟ್ಟೆ. ರಸ ಒಂದು ತುದಿಯಲ್ಲಿ ಒಳಬಂದು, ಓಣಿ ಓಣಿ ದಾಟುತ್ತಾ ದಪ್ಪವಾಗಿ ಇನ್ನೊಂದು ತುದಿಗೆ ಬರುತ್ತದೆ. ಜನ ಹಬೆ ಏಳುವ ಕಡೆ ಗುಂಪುಗೂಡುತ್ತಾರೆ. ನೀವು ಪಾಕ ಹೊರಬರುವ ನಲ್ಲಿಯ ಬದಿ ನಿಲ್ಲಿ. ಅಲ್ಲಿ ಗುಳ್ಳೆ ಸಣ್ಣದಾಗುತ್ತದೆ, ಬಣ್ಣ ಗಾಢವಾಗುತ್ತದೆ. ನೊರೆ ಉಕ್ಕಿದರೆ ತೊಟ್ಟು ಬೆಣ್ಣೆಯೋ ಎಣ್ಣೆಯೋ ಹಾಕುವುದುಂಟು. ಹಾಲಿನ ಅಲರ್ಜಿ ಇದ್ದವರು ಕೇಳಿಕೊಳ್ಳಿ. ನೀರಿನ ಕುದಿಬಿಂದುವಿಗಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೇಲೇರಿದಾಗ ಪಾಕ ಹದಕ್ಕೆ ಬಂತೆಂದು ಅರ್ಥ. ಕೆಲವರು ಸೌಟೆತ್ತಿಯೂ ನೋಡುತ್ತಾರೆ: ಹನಿಹನಿಯಾಗಿ ತೊಟ್ಟಿಕ್ಕಿದರೆ ಇನ್ನೂ ಆಗಿಲ್ಲ, ಅಂಚಿನಿಂದ ಅಗಲವಾಗಿ ಹಾಳೆ ಕಟ್ಟಿ ಜಾರಿದರೆ ಆಯಿತು. ಆ ಸೌಟು ಏಳುವವರೆಗೆ ಜಾಗ ಬಿಡಬೇಡಿ. ಮಕ್ಕಳ ಕೈ ಮಾತ್ರ ಹಿಡಿದುಕೊಂಡಿರಿ.

ಬಂಡಿ ಸವಾರಿ ಆಮೇಲೆ.

ಸಮಯವಿದ್ದರೆ ದೊಡ್ಡ ಮನೆಯನ್ನೂ ನೋಡಿ. ಪುಲಿಟ್ಜರ್ ಪ್ರಶಸ್ತಿ ಪಡೆದ ಕಾದಂಬರಿಕಾರ ಲೂಯಿಸ್ ಬ್ರೋಮ್‌ಫೀಲ್ಡ್ 1939ರಲ್ಲಿ ಇಲ್ಲಿ ನೆಲೆಸಿ, ಸವೆದ ಮಣ್ಣನ್ನು ಮತ್ತೆ ಫಲವತ್ತು ಮಾಡಿದ. ಭಾರತವನ್ನು ಕುರಿತ ತನ್ನ ಕಥೆಗಳಿಂದ ಬಂದ ಹಣ ಈ ಜಮೀನಿಗೆ ಒದಗಿದ್ದರಿಂದ ನಮ್ಮ ಪಶ್ಚಿಮ ಕರಾವಳಿಯ ಮಲಬಾರಿನ ಹೆಸರಿಟ್ಟ. ಹಾಲಿವುಡ್ ತಾರೆಯರಾದ ಹಂಫ್ರಿ ಬೋಗಾರ್ಟ್–ಲಾರೆನ್ ಬಕಾಲ್ 1945ರಲ್ಲಿ ಮದುವೆಯಾದದ್ದೂ ಇದೇ ಮನೆಯಲ್ಲಿ.

ಕೊನೆಗೆ ಖರೀದಿ. ಗೋಲ್ಡನ್, ಆಂಬರ್, ಡಾರ್ಕ್, ವೆರಿ ಡಾರ್ಕ್ ನಾಲ್ಕೂ ಗ್ರೇಡ್ ‘ಎ’ಯೇ, ವ್ಯತ್ಯಾಸ ಬಣ್ಣ ಮತ್ತು ರುಚಿಯದು. ತಿಳಿಬಣ್ಣದ್ದೇ ಶ್ರೇಷ್ಠವೆಂದು ದುಡ್ಡು ಸುರಿಯಬೇಡಿ. ನೀರುದೋಸೆಗೆ ಡಾರ್ಕ್ ಬಿಟ್ಟು ಬೇರೆ ಯಾವುದೂ ಸಲ್ಲ. ಸೂಪರ್ ಮಾರ್ಕೆಟ್ಟಿನ ಅಗ್ಗದ ‘ಪ್ಯಾನ್‌ಕೇಕ್ ಸಿರಪ್’ ಹೆಚ್ಚಾಗಿ ಮೆಕ್ಕೆಜೋಳದ ಪಾಕಕ್ಕೆ ಬಣ್ಣ, ಪರಿಮಳ ಬೆರೆಸಿದ್ದು. ಅದನ್ನು ಮನೆಗೆ ತರಲೇಬೇಡಿ. ಮುಚ್ಚಳ ತೆಗೆದ ಮೇಲೆ ಬಾಟಲಿ ಫ್ರಿಜ್‌ನಲ್ಲಿರಲಿ. ಜೇನಿನಂತೆ ಕಪಾಟಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ.