ಚಿಕ್ಕ ಮಕ್ಕಳೊಂದಿಗೆ ಒಂದು ದಿನದಲ್ಲಿ ಬಾದಾಮಿ ನೋಡುವ ಬಗೆ

ಬಾದಾಮಿಯ ಗುಹಾಲಯಗಳಿಗೆ ಮೆಟ್ಟಿಲುಗಳನ್ನೇ ಹತ್ತಿ ಹೋಗಬೇಕಾದುದರಿಂದ ತಳ್ಳುಗಾಡಿಯನ್ನು ತರುವುದು ವ್ಯರ್ಥ. ನಡೆಯಲಾರದ ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ಚೀಲವೇ ಉತ್ತಮ. ಹತ್ತು ಗಂಟೆಯ ನಂತರ ಕೆಂಪು ಮರಳುಗಲ್ಲು ಕಾಯತೊಡಗುತ್ತದೆ, ಆದ್ದರಿಂದ ಬಾಗಿಲು ತೆರೆಯುವ ವೇಳೆಗೇ ಅಲ್ಲಿರಬೇಕು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ತಿಂಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ನಡೆದರೆ ಮಂಗಗಳು ಕಸಿದುಕೊಳ್ಳುವುದು ಖಚಿತವಾದ್ದರಿಂದ ಎಲ್ಲವನ್ನೂ ಜಿಪ್ ಇರುವ ಚೀಲದೊಳಗಿಡಿ.

ಮೊದಲ ಗುಹೆಯಲ್ಲಿ ಅವಸರ ಬೇಡ. ನಟರಾಜನ ಹದಿನೆಂಟು ಕೈಗಳನ್ನು ಎಣಿಸಲು ಮಕ್ಕಳಿಗೆ ಹೇಳಿ. ಎಣಿಕೆ ತಪ್ಪುವುದು ಸಹಜ, ಮತ್ತೆ ಎಣಿಸುತ್ತಾರೆ. ಬಳಿಕ ಜಗಲಿಯ ಕೆಳಗೆ ಸಾಲಾಗಿ ಕುಣಿಯುವ ಕುಳ್ಳ ಗಣಗಳನ್ನು ತೋರಿಸಿ, ಏಕೆಂದರೆ ಅವು ಮಕ್ಕಳ ಕಣ್ಣಳತೆಗೇ ಇವೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಚಾಲುಕ್ಯ ವಂಶದ ಮಂಗಳೇಶನ ಕ್ರಿ.ಶ. 578ರ ಶಾಸನ ಅಲ್ಲಿದೆಯಾದರೂ ಮಕ್ಕಳನ್ನು ಹಿಡಿದಿಡುವುದು ಸುರುಳಿ ಸುತ್ತಿದ ಶೇಷನ ಮೇಲೆ ಕುಳಿತ ವಿಷ್ಣು. ನಾಲ್ಕನೆಯದು ಜೈನ ಗುಹೆ, ಚಿಕ್ಕದು.

ಮಧ್ಯಾಹ್ನ ಐದು ಕಿಲೋಮೀಟರಿನಷ್ಟು ದೂರದ ಬನಶಂಕರಿಗೆ ಹೋಗಿ, ದೇವಿಯ ದರ್ಶನದ ನಂತರ ಬುಟ್ಟಿ ಹೊತ್ತು ತರುವ ಅಕ್ಕಂದಿರಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕೊಂಡು ಊಟ ಮುಗಿಸಬಹುದು. ಮಕ್ಕಳಿಗೆ ಖಾರ ಬೇಡವೆಂದು ಮೊದಲೇ ಹೇಳುವುದು ಒಳ್ಳೆಯದು.

ಉತ್ತರದ ಕೋಟೆಯನ್ನು ಹತ್ತುವ ದಾರಿ ಬಂಡೆಗಳ ಸೀಳಿನಲ್ಲಿ ಸಾಗುವುದರಿಂದ ಸೊಗಸಾಗಿದೆ, ಆದರೆ ಮೇಲಿನ ಅಂಚುಗಳು ಅಪಾಯಕಾರಿ; ಐದು ವರ್ಷದೊಳಗಿನವರಿದ್ದರೆ ನನ್ನ ಮಟ್ಟಿಗೆ ಅದನ್ನು ಬಿಡುವುದೇ ಲೇಸು. ಬದಲಿಗೆ ಸಂಜೆ ಅಗಸ್ತ್ಯ ತೀರ್ಥದ ದಂಡೆಯಗುಂಟ ಭೂತನಾಥ ಗುಡಿಯವರೆಗೆ ನಿಧಾನವಾಗಿ ನಡೆಯಿರಿ. ನೀರಿಗಿಳಿಯುವ ಮೆಟ್ಟಿಲುಗಳು ಪಾಚಿಗಟ್ಟಿರುವುದುಂಟು, ಅಲ್ಲಿ ಮಕ್ಕಳ ಕೈ ಬಿಡಬಾರದು.