ಒಂದು ಲೈನು, ನಾಲ್ಕು ಜನ: ಮನೆಯ ಇಂಟರ್ನೆಟ್ ಹಂಚುವ ಬಗೆ

ಶಿರಸಿ ಕಡೆಯ ನಮ್ಮ ಮನೆಗೆ ಇರುವುದು 40 ಎಂಬಿಪಿಎಸ್‌ನ ಒಂದೇ ಫೈಬರ್ ಲೈನು. ಮೈದುನ ಗೇಮ್ ಇಳಿಸಲು ಶುರುಮಾಡಿದನೆಂದರೆ ಮಗಳ ಆನ್‌ಲೈನ್ ಕ್ಲಾಸಿನಲ್ಲಿ ಟೀಚರ ದನಿ ತುಂಡುತುಂಡಾಗುತ್ತಿತ್ತು. ಮೊದಲು ನಾನು ನಾಲ್ವರಿಗೂ ತಲಾ 10 ಎಂದು ಮಿತಿ ಹಾಕಿದೆ. ಅದು ತಪ್ಪು. ಎಲ್ಲರೂ ಮಲಗಿದ ಮೇಲೂ ಅವನಿಗೆ ಸಿಕ್ಕಿದ್ದು 10 ಮಾತ್ರ. ಉಳಿದ 30 ಯಾರಿಗೂ ದಕ್ಕಲಿಲ್ಲ.

ಕಡಿಮೆ ಬೇಕಾದವರಿಗೆ ಪೂರ್ತಿ ಕೊಟ್ಟು, ಮಿಕ್ಕಿದ್ದನ್ನು ಹೆಚ್ಚು ಬೇಕಾದವರಿಗೆ ಸಮವಾಗಿ ಹಂಚಬೇಕು. ಇದಕ್ಕೆ ಮ್ಯಾಕ್ಸ್-ಮಿನ್ ಹಂಚಿಕೆ ಎನ್ನುತ್ತಾರೆ. 36 ಇದ್ದರೆ ಕ್ಲಾಸಿಗೆ 3, ಅತ್ತೆಯ ಧಾರಾವಾಹಿಗೆ 5, ಉಳಿದ 28ರಲ್ಲಿ ನನಗೂ ಮೈದುನನಿಗೂ ತಲಾ 14.

40 ಬಿಟ್ಟು 36 ಏಕೆ? ಲೈನು ತುಂಬಿದಾಗ ಕ್ಯೂ, ಅಂದರೆ ಕಾದು ನಿಂತ ಡೇಟಾದ ಸಾಲು, ಕಂಪನಿಯ ಉಪಕರಣದಲ್ಲಿ ಬೆಳೆದರೆ ಅಲ್ಲಿ ನಮ್ಮ ಮಾತು ನಡೆಯದು. ಹತ್ತನೇ ಒಂದು ಭಾಗ ಬಿಟ್ಟುಕೊಟ್ಟರೆ ಕ್ಯೂ ನಮ್ಮ ರೌಟರಿನಲ್ಲೇ ನಿಲ್ಲುತ್ತದೆ. ಆ 4 ಎಂಬಿಪಿಎಸ್ ಬಿಟ್ಟಿದ್ದಕ್ಕೆ ನನಗೆ ಒಂದು ದಿನವೂ ಬೇಸರವಾಗಿಲ್ಲ.

ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶ ಇರುವ ರೌಟರಿಗೆ, ಕ್ಯೂವನ್ನು ಹತೋಟಿಯಲ್ಲಿಡುವ ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ. ಸಂಜೆ ಹೊತ್ತು ನಾಲ್ಕೈದು ಸಲ ಡೌನ್‌ಲೋಡ್, ಅಪ್‌ಲೋಡ್ ಎರಡರ ವೇಗವನ್ನೂ ಅಳೆದು, ಆಯಾ ವೇಗದ ಶೇ. 90ನ್ನು ನಮೂದಿಸಿ. ಕ್ಯೂ ವಿಧಾನದಲ್ಲಿ 'ಕೇಕ್' ಆರಿಸಿ. ಹೆಚ್ಚುವರಿ ಆಯ್ಕೆಗಳಲ್ಲಿ ಡೌನ್‌ಲೋಡಿಗೆ 'ನ್ಯಾಟ್ ಡ್ಯುಯಲ್-ಡಿಎಸ್‌ಟಿಹೋಸ್ಟ್', ಅಪ್‌ಲೋಡಿಗೆ 'ನ್ಯಾಟ್ ಡ್ಯುಯಲ್-ಎಸ್‌ಆರ್‌ಸಿಹೋಸ್ಟ್' ಸೇರಿಸುವುದನ್ನು ಮರೆಯಬೇಡಿ. ಆಗ ಪಾಲು ಸಾಧನಕ್ಕೊಂದರಂತೆ ಬೀಳುತ್ತದೆ, ಸಂಪರ್ಕಕ್ಕೊಂದರಂತಲ್ಲ. ಇಲ್ಲದಿದ್ದರೆ ಎಂಟು ಸಂಪರ್ಕ ತೆರೆಯುವ ಡೌನ್‌ಲೋಡರ್ ಎಂಟು ಜನರ ಪಾಲು ಬಾಚಿಕೊಂಡೀತು. ದೊಡ್ಡ ಫೈಲ್ ಇಳಿಸುತ್ತಲೇ ಪಿಂಗ್ ಮಾಡಿ, ಅಂದರೆ ಸಣ್ಣ ಸಂದೇಶ ಹೋಗಿ ಬರಲು ಹಿಡಿಯುವ ಸಮಯ ಅಳೆದು ನೋಡಿ. ನಮ್ಮಲ್ಲಿ 300 ಮಿಲಿಸೆಕೆಂಡಿಗೆ ಏರುತ್ತಿದ್ದದ್ದು 30ರ ಆಸುಪಾಸಿಗೆ ಇಳಿಯಿತು.

ನಿಜವಾದ ಇಕ್ಕಟ್ಟು ವೈಫೈಯದು. ಅತ್ತೆಯ ಹಳೇ ಫೋನು ಹಿಂದಿನ ಅಡುಗೆಮನೆಯಲ್ಲಿ, ನಡುವೆ ದಪ್ಪ ಚಿರೆಕಲ್ಲಿನ ಗೋಡೆ. ಆ ಫೋನಿನ ವೇಗ 6, ನನ್ನ ಲ್ಯಾಪ್‌ಟಾಪಿನದು 54 ಎಂದಿಟ್ಟುಕೊಳ್ಳಿ. ವೈಫೈಯಲ್ಲಿ ಇಬ್ಬರೂ ಸರದಿಯ ಮೇಲೆ ಸಮಯ ಹಂಚಿಕೊಳ್ಳಬೇಕು. ಇಬ್ಬರಿಗೂ ಸಮ ಡೇಟಾ ಕೊಟ್ಟರೆ ತಲಾ 5.4, ಒಟ್ಟು 11 ಕೂಡ ಆಗದು. ಸಮ ಸಮಯ ಕೊಟ್ಟರೆ ಅವರಿಗೆ 3, ನನಗೆ 27, ಒಟ್ಟು 30. ಲೆಕ್ಕಕ್ಕೆ ಎರಡನೆಯದೇ ಲಾಭ. ಆದರೆ ದೂರದಲ್ಲಿ ಕೂತ ತಪ್ಪಿಗೆ ಧಾರಾವಾಹಿ ನಿಲ್ಲಬೇಕೆ? ನನಗೆ ಒಪ್ಪಿಗೆಯಾಗಲಿಲ್ಲ. ರೌಟರಿನಲ್ಲಿ ಸಮ ಸಮಯದ ಆಯ್ಕೆಯನ್ನು ಹಾಗೇ ಇಟ್ಟುಕೊಂಡು, ಅಡುಗೆಮನೆಯ ತನಕ ಕೇಬಲ್ ಎಳೆದು ಅಲ್ಲೇ ವೈಫೈ ಕೊಡುವ ಒಂದು ಆಕ್ಸೆಸ್ ಪಾಯಿಂಟ್ ಕೂರಿಸಿದೆ. ಈಗ ಒಲೆಯ ಪಕ್ಕದಲ್ಲೂ ಪೂರ್ತಿ ಸಿಗ್ನಲ್ ಇದೆ.