ಪಟ್ಟಿ ಹಾಕುವ ಪತ್ರಿಕೆ

ಕೋಲಾರದಲ್ಲಿ ವಾರಪತ್ರಿಕೆ ನಡೆಸ್ತೀನಿ ಅಂದರೆ ಆಗ ಎದುರಿಗಿದ್ದವರ ಕೈ ಸೀದಾ ಮೇಜಿನ ಡ್ರಾಯರ್‌ಗೆ ಹೋಗುತ್ತಿತ್ತು. "ಎಷ್ಟು ಕೊಡಬೇಕು ಹೇಳಿ ಸಾರ್, ಸುಮ್ನೆ ಯಾಕೆ ಬರೆಯೋಕೆ ಹೋಗ್ತೀರಾ?" ಅಂತ ಒಬ್ಬ ಇಂಜಿನಿಯರ್ ಕೇಳಿದಾಗ ನಾನಿನ್ನೂ ಕುರ್ಚಿಯಲ್ಲಿ ಕೂತಿರಲಿಲ್ಲ. ಅವರನ್ನು ದೂರುವ ಹಾಗೂ ಇರಲಿಲ್ಲ. 1980ರಲ್ಲಿ ಲಂಕೇಶ್ ತಮ್ಮ ಪತ್ರಿಕೆ ಶುರು ಮಾಡಿ, ಜಾಹೀರಾತಿಲ್ಲದೆ ಓದುಗರ ದುಡ್ಡಿನಲ್ಲೇ ವಾರಪತ್ರಿಕೆ ನಡೆಸಬಹುದು ಅಂತ ತೋರಿಸಿಕೊಟ್ಟರು. ಆಮೇಲೆ ಊರೂರಲ್ಲೂ ಟ್ಯಾಬ್ಲಾಯ್ಡ್‌ಗಳು ಬಂದವು. ಕೆಲವರು ಅವರಿಂದ ಧೈರ್ಯ ಕಲಿತರು, ಇನ್ನು ಕೆಲವರು ದಪ್ಪಕ್ಷರದ ಹೆಡ್ಡಿಂಗ್ ಮಾತ್ರ ಕಲಿತರು. ನಮ್ಮ ಜಿಲ್ಲೆ ಮುಳಬಾಗಿಲಿನ ಡಿ.ವಿ. ಗುಂಡಪ್ಪನವರದು. 1913ರಲ್ಲೇ 'ಕರ್ನಾಟಕ' ಪತ್ರಿಕೆ ಹೊರಡಿಸಿದವರು. ಜುಲೈ 1ರ ಪತ್ರಿಕಾ ದಿನಕ್ಕೆ ಅವರ ಫೋಟೋಗೆ ಹಾರ ಹಾಕಿ, ಜುಲೈ 2ಕ್ಕೆ ದುಡ್ಡಿನ ಕವರ್ ಎತ್ತಲು ಹೊರಡುವವರಿಗೇನೂ ಬರ ಇರಲಿಲ್ಲ.

ನಮ್ಮದು ನಾಲ್ಕು ಪುಟ. ತೊಂಬತ್ತರ ದಶಕದ ಶುರುವಿನಲ್ಲಿ ಟ್ರೆಡಲ್ ಮೆಷಿನ್‌ನಲ್ಲಿ ಅಚ್ಚಾಗುತ್ತಿತ್ತು. ಒಂದೊಂದೇ ಮೊಳೆ, ಅಂದರೆ ಸೀಸದ ಅಕ್ಷರ, ಎತ್ತಿ ಜೋಡಿಸಬೇಕು. ಒತ್ತಕ್ಷರ ಮುಗಿದರೆ ಕಂಪೋಸಿಟರ್ ಒಳಗಿನಿಂದಲೇ ಕೂಗುತ್ತಿದ್ದರು, "ಸಾರ್, ರಾಷ್ಟ್ರ ಜಾಸ್ತಿ ಆಯ್ತು, ದೇಶ ಅಂತ ಹಾಕ್ಲಾ?" ನಾನು ಬರೆಯುತ್ತಿದ್ದ ಬೆಂಕಿಯಂಥ ಸಂಪಾದಕೀಯಗಳನ್ನು ಪೂರ್ತಿ ಓದುತ್ತಿದ್ದವರು ಬಹುಶಃ ಅವರೊಬ್ಬರೇ. ಒಂದು ದಿನ ಅವರೇ ಹೇಳಿದರು: "ಇದೆಲ್ಲ ಸರಿ ಸಾರ್. ನಮ್ಮ ರೇಷನ್ ಅಂಗಡಿಗೆ ಸೀಮೆಎಣ್ಣೆ ಎಷ್ಟು ಬಂತು ಅಂತ ಹಾಕಿ. ಬಂದಿಲ್ಲ ಬಂದಿಲ್ಲ ಅಂತಾನೆ."

ನಮ್ಮ ಪತ್ರಿಕೆ ನಿಜಕ್ಕೂ ಶುರುವಾಗಿದ್ದು ಅವತ್ತು ಅಂತಲೇ ನನ್ನ ಲೆಕ್ಕ. ಯಾವ ಅಂಗಡಿಗೆ ಎಷ್ಟು ಕ್ವಿಂಟಾಲ್ ಅಕ್ಕಿ, ಎಷ್ಟು ಲೀಟರ್ ಸೀಮೆಎಣ್ಣೆ ಬಿಡುಗಡೆ ಆಗಿದೆ ಅನ್ನೋ ಲೆಕ್ಕ ತಾಲ್ಲೂಕು ಕಚೇರಿಯಲ್ಲಿ ಇರುತ್ತಿತ್ತು. ಗುಟ್ಟಿನ ಕಾಗದವೇನಲ್ಲ, ಕೇಳುವವರು ಇರಲಿಲ್ಲ ಅಷ್ಟೆ. ಒಬ್ಬ ಗುಮಾಸ್ತರು ಬೇಜಾರು ಮಾಡಿಕೊಳ್ಳದೆ ಬರೆದುಕೊಳ್ಳಲು ಬಿಟ್ಟರು. ಅಚ್ಚಿಗೆ ಕೂತಾಗ ಅಂಕಿಯ ಮೊಳೆಗಳೇ ಸಾಲಲಿಲ್ಲ. ಪತ್ರಿಕೆ ದುಡ್ಡಿನಲ್ಲಿ ನಾವು ಮಾಡಿದ ಮೊದಲ ದೊಡ್ಡ ಖರ್ಚು ಅಂದರೆ ಬೆಂಗಳೂರಿಂದ ಅಂಕಿ ಮೊಳೆ ತಂದಿದ್ದು.

ಪಟ್ಟಿ ಬಂದ ವಾರ ನಾನೇ ಒಂದು ಹಳ್ಳಿಯ ಅಂಗಡಿ ಮುಂದೆ ನಿಂತಿದ್ದೆ. ಒಬ್ಬ ಅಜ್ಜಿ ಆ ಪಟ್ಟಿಯನ್ನು ಕತ್ತರಿಸಿ, ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡು ಬಂದಿದ್ದರು. ಅಕ್ಷರ ಬಾರದು. ಮೊಮ್ಮಗ ಅವರೂರಿನ ಹೆಸರಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದುಕೊಟ್ಟಿದ್ದ. "ಪೇಪರ್‌ನಾಗೆ ಬಂದೈತೆ ಅಂತ ಐತಲ್ಲಪ್ಪಾ, ಹಾಕು" ಅಂದರು. ಅಂಗಡಿಯವನು ಗೊಣಗುತ್ತಲೇ ಅಳೆದು ಹಾಕಿದ. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಮಾತು ತೆಲುಗು, ಓದು ಕನ್ನಡ. ಸಂಪಾದಕೀಯ ಅಂಥ ಮನೆಗಳ ಹೊಸ್ತಿಲು ದಾಟುತ್ತಿತ್ತೋ ಇಲ್ಲವೋ, ಪಟ್ಟಿ ದಾಟಿತು.

ಆಮೇಲೆ ಪಟ್ಟಿಗಳೇ ನಮ್ಮ ಕಸುಬಾದವು. ಟೊಮೆಟೊ ಮಾರುಕಟ್ಟೆಯ ಬಿಳಿ ಚೀಟಿ ಗೊತ್ತಲ್ವಾ? ಮಂಡಿಯವರು ತಮ್ಮ ಕಮಿಷನ್ನನ್ನು ರೈತನಿಂದ ಹಿಡಿಯುವ ಹಾಗಿಲ್ಲ, ಅದನ್ನು ಕೊಡಬೇಕಾದವನು ಖರೀದಿದಾರ. ಆದರೆ ಮಂಡಿಯಲ್ಲಿ ಹೆಸರಿಲ್ಲದ, ನಂಬರಿಲ್ಲದ ಬಿಳಿ ಕಾಗದದಲ್ಲಿ ಲೆಕ್ಕ ಬರೆದು, ನೂರಕ್ಕೆ ಹತ್ತು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಫೋಟೋ ಹಾಕಬೇಕಾದರೆ ಬೆಂಗಳೂರಿನಲ್ಲಿ ಅದರ ಲೋಹದ ಅಚ್ಚು, ಅಂದರೆ ಬ್ಲಾಕ್, ಮಾಡಿಸಬೇಕಿತ್ತು, ಅಷ್ಟು ದುಡ್ಡಿರಲಿಲ್ಲ. ಹಾಗಾಗಿ ಚೀಟಿಯನ್ನೇ ಇದ್ದ ಹಾಗೆ ಮೊಳೆಯಲ್ಲಿ ಜೋಡಿಸಿ, ಸುತ್ತ ಗೆರೆ ಕಟ್ಟಿ, ಪಕ್ಕದಲ್ಲಿ ನಿಯಮ ಹಾಕಿದೆವು. ಟೀಕೆ ಟಿಪ್ಪಣಿ ಏನೂ ಇಲ್ಲ. ವಾರವಾರ ಬೇರೆ ಬೇರೆ ಚೀಟಿ. ರೈತರೇ ತಂದುಕೊಡಲು ಶುರು ಮಾಡಿದರು. ಕೆಲವು ಮಂಡಿಗಳು ಸ್ವಲ್ಪ ದಿನ ಸರಿಯಾದ ಬಿಲ್ ಕೊಟ್ಟವು. ನಾವು ಬೇರೆ ವಿಷಯಕ್ಕೆ ಹೋದ ಕೂಡಲೇ ಬಿಳಿ ಚೀಟಿ ವಾಪಸ್ ಬಂತು. ಪರಿಣಾಮ ಅಂದರೆ ಹೀಗೇ. ಒತ್ತಿ ಹಿಡಿದಷ್ಟು ದಿನ ಮಾತ್ರ.

ಇನ್ನು ಆ ಡ್ರಾಯರ್ ವಿಷಯ. ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಆಗಿನ ಕಾನೂನಿನ ಪ್ರಕಾರ ಪ್ರತಿ ಪತ್ರಿಕೆಯೂ ನಾಲ್ಕನೇ ನಮೂನೆ ಹಾಕಬೇಕಿತ್ತು: ಮಾಲೀಕರು ಯಾರು, ಮುದ್ರಕರು ಯಾರು, ಸಂಪಾದಕರು ಯಾರು ಅಂತ. ಎಲ್ಲರೂ ಅದನ್ನು ಕಣ್ಣಿಗೆ ಕಾಣದ ಮೂಲೆಯಲ್ಲಿ ತುರುಕುತ್ತಿದ್ದರು. ನಾವು ಅದರ ಪಕ್ಕದಲ್ಲೇ ವರ್ಷದ ಜಮಾ ಖರ್ಚನ್ನೂ ಹಾಕಿದೆವು. ಚಂದಾ ಎಷ್ಟು, ಯಾರ ಜಾಹೀರಾತಿಗೆ ಎಷ್ಟು, ಕಾಗದಕ್ಕೆ ಎಷ್ಟು, ಪ್ರೆಸ್ಸಿಗೆ ಬಾಕಿ ಎಷ್ಟು. ಬಾಕಿ ನೋಡಿ ಕೆಲವರು ನಕ್ಕರು. ನಕ್ಕವರಲ್ಲೇ ಇಬ್ಬರು ಚಂದಾ ಕಟ್ಟಿದರು. ಕವರ್ ತೋರಿಸುವುದು ನಿಧಾನಕ್ಕೆ ಕಡಿಮೆ ಆಯಿತು. ಅದರ ಬದಲು ವಕೀಲರ ನೋಟಿಸ್ ಬರತೊಡಗಿದವು. ನನ್ನನ್ನು ಕೇಳಿದರೆ ಅದು ಬಡ್ತಿಯೇ.

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ, ಆಗಿನ್ನೂ ಅದು ಕೋಲಾರವೇ. ರಾಜಧಾನಿಯ ಪತ್ರಿಕೆಗಳ ಕಾರುಗಳು ಬಂದವು, ಮಂತ್ರಿಗಳು ಬಂದರು, ಹೋದರು. ನಾವು ಎರಡನೇ ಪುಟದಲ್ಲಿ ಒಂದು ಮೂಲೆ ಇಟ್ಟೆವು: ಕೇಸು ಎಲ್ಲಿಗೆ ಬಂತು, ಮುಂದಿನ ತಾರೀಖು ಯಾವಾಗ, ಇಷ್ಟೇ. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದದ್ದೂ ಆ ಮೂಲೆಯಲ್ಲೇ ಬಂತು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ನಮ್ಮ ಮೂಲೆಯಿಂದ ಏನೂ ಬದಲಾಗಲಿಲ್ಲ. ಇದನ್ನು ಬಿಟ್ಟು ಬರೀ ರೇಷನ್ ಅಂಗಡಿಯ ಗೆಲುವು ಹೇಳಿಕೊಂಡರೆ ನನಗೇ ಸರಿ ಕಾಣಲ್ಲ.

2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂದ ಮೇಲೆ ಗುಮಾಸ್ತರ ಒಳ್ಳೆತನ ನೆಚ್ಚಿಕೊಳ್ಳುವುದು ತಪ್ಪಿತು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ನೂರೈವತ್ತು ಪದದೊಳಗೆ. ಹಾಗಾಗಿ ನೀಟಾಗಿ ಕೇಳಬೇಕು. "ಕುಡಿಯುವ ನೀರಿನ ಬಗ್ಗೆ ಮಾಹಿತಿ ಕೊಡಿ" ಅಂದರೆ ಏನೂ ಸಿಗಲ್ಲ. "ಈ ಹೋಬಳಿಯ ಕೊಳವೆಬಾವಿಗಳ ನೀರಿನ ಪರೀಕ್ಷಾ ವರದಿಯ ನಕಲು ಪ್ರತಿ" ಅಂದರೆ ಕೊಡಲೇಬೇಕು. ಹಾಗೆ ಸಿಕ್ಕಿದ್ದನ್ನು ಊರುವಾರು ಹಾಕಿದೆವು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಫ್ಲೋರೈಡ್ ದಾಟಿದ ಬಾವಿಗಳ ಹೆಸರು ದಪ್ಪಕ್ಷರದಲ್ಲಿ. ಹಲ್ಲಿನ ಮೇಲೆ ಕಂದು ಕಲೆ ಇರುವ ಮಕ್ಕಳ ಶಾಲೆಗಳಲ್ಲಿ ಮೇಷ್ಟ್ರುಗಳು ಆ ಪುಟವನ್ನು ಗೋಡೆಗೆ ಅಂಟಿಸಿದರು. 2018ರ ಜೂನ್‌ನಲ್ಲಿ ಕೆಸಿ ವ್ಯಾಲಿ ನೀರು, ಅಂದರೆ ಎರಡು ಹಂತದಲ್ಲಿ ಶುದ್ಧ ಮಾಡಿದ ಬೆಂಗಳೂರಿನ ಕೊಳಚೆ ನೀರು, ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂದಾಗಲೂ ಇದೇ ದಾರಿ. ಕೆರೆಯಲ್ಲಿ ನೊರೆ ಬಂತು, ಹೈಕೋರ್ಟ್ ತಡೆ ಕೊಟ್ಟಿತು, ಮತ್ತೆ ನೀರು ಹರಿಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಒಂದು ಗುಂಪು, ಕೆರೆ ತುಂಬಿದರೆ ಸಾಕು ಅಂತ ಇನ್ನೊಂದು. ಇಬ್ಬರೂ ನಮ್ಮ ಓದುಗರೇ. ಬರಗಾಲ ಕಂಡ ರೈತನಿಗೆ ಆ ನೀರು ಬೇಡ ಅನ್ನುವ ಬಾಯಿ ನನಗೂ ಇರಲಿಲ್ಲ. ನೀರಿನ ಪರೀಕ್ಷೆಯ ಅಂಕಿ ಹಾಕಿ ಸುಮ್ಮನಾದೆ. ಅದಕ್ಕೆ ಎರಡೂ ಕಡೆಯಿಂದ ಬೈಸಿಕೊಂಡೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ನೋಂದಾಯಿತ ಪತ್ರಿಕೆಗೆ ಅಂಚೆಯಲ್ಲಿ ನಾಲ್ಕಾಣೆ ದರ, ಉಳಿದ ಬಂಡಲ್‌ಗಳು ಮಾಲೂರು, ಬಂಗಾರಪೇಟೆ, ಶ್ರೀನಿವಾಸಪುರಕ್ಕೆ ಖಾಸಗಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ. ಕೋರ್ಟ್ ನೋಟಿಸು, ಶ್ರದ್ಧಾಂಜಲಿ, ನವೆಂಬರ್ 1ರ ಶುಭಾಶಯ. ಇಷ್ಟರಲ್ಲೇ ಬದುಕಿತು. 2020ರಲ್ಲಿ ಬಸ್ಸು ನಿಂತಿತು, ಬಂಡಲ್ ನಿಂತಿತು. ಮತ್ತೆ ಅಚ್ಚು ಹಾಕಲಿಲ್ಲ.

ಈಗ ಇಬ್ಬರು ಹುಡುಗರು ಹೊಸದಾಗಿ ಶುರು ಮಾಡಬೇಕು ಅಂತ ಓಡಾಡುತ್ತಿದ್ದಾರೆ. ಪತ್ರಿಕೆ ನೋಂದಣಿಯ 1867ರ ಕಾಯ್ದೆ ಹೋಗಿ ಹೊಸ ಕಾಯ್ದೆ ಬಂದಿದೆ, 2024ರ ಮಾರ್ಚ್‌ನಿಂದ ಅರ್ಜಿ ಆನ್‌ಲೈನ್. ಹೆಸರಿನ ಬಗ್ಗೆ ಅವರಿಬ್ಬರಿಗೆ ಇನ್ನೂ ಜಗಳ. ನಮ್ಮ ಹಳೇ ಫೈಲುಗಳನ್ನು ಅವರಿಗೆ ಕೊಡುತ್ತಿಲ್ಲ, ಮನೆಗೇ ಬಂದು ನೋಡಲಿ. ಮೊನ್ನೆ ಒಬ್ಬ ವಕೀಲರು ಬಂದು ಹಳೇ ಕೆರೆ ಒತ್ತುವರಿ ಪಟ್ಟಿಯೊಂದನ್ನು ಜೆರಾಕ್ಸ್ ಮಾಡಿಸಿಕೊಂಡು ಹೋದರು. ಭಾನುವಾರ ಬೆಳಗ್ಗೆ ಮನೆಯಲ್ಲಿರುತ್ತೇನೆ. ಜೆರಾಕ್ಸ್ ಖರ್ಚು ಮಾತ್ರ ಬಂದವರದ್ದೇ.